ನಾಲ್ಕನೆಯ ಪೆಟ್ಟು

ಕಹಿ ಅಂದರೆ ಪೂರ್ತಿ ಕಹಿಯೂ ಅಲ್ಲ, ನೆನೆದು ಒಣಗಿದ ಚಪ್ಪಲಿಯ ತೊಗಲನ್ನು ಅಗಿದ ಹಾಗೆ, ನಾಲಗೆಯ ಬುಡಕ್ಕೆ ಅಂಟಿಕೊಂಡು ಕೂತಿದೆ, ಎರಡು ಸಲ ಬಿಸಿನೀರು ಕುಡಿದರೂ ಇಳಿಯಲೊಲ್ಲದು, ಹಲ್ಲಿನ ಸಂದಿಯಲ್ಲಿ ಒಂದು ನಾರು ಬೇರೆ, ಅದನ್ನು ನಾಲಗೆಯ ತುದಿಯಿಂದ ತಳ್ಳುತ್ತ ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸಿದ, ಕೈಗವಸಿನ ಹೆಬ್ಬೆರಳಿನ ತೂತಿನಿಂದ ಚಳಿ ನುಗ್ಗಿತು — ಇಷ್ಟೇನಾ, ಇದನ್ನೇನಾ ಭಾವ ಅಷ್ಟು ಜೋಪಾನವಾಗಿ ಇಟ್ಟುಕೊಂಡದ್ದು, ಅಕ್ಕನ ಕಣ್ಣು ತಪ್ಪಿಸಿ, ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ದಾರಕ್ಕೆ ಪೋಣಿಸಿ ಒಣಗಿಸಿ, ಕೆಮ್ಮಿನ ಗುಳಿಗೆಯ ತಗಡಿನ ಡಬ್ಬಿಯಲ್ಲಿ ತುಂಬಿ, ಕೋಟಿನ ಒಳಜೇಬಿನಲ್ಲಿ. ಅಣಬೆ. ಬಾಡಿ ಸುಕ್ಕಾದ ಕಂದು ಅಣಬೆ, ನೋಡಿದರೆ ಯಾರಾದರೂ ಗುಡಿಸಿ ಎಸೆಯಬೇಕು. ಒಂದಿನ ನಾವಿಬ್ರೂ ಕೂತು ತಿನ್ನೋಣ ಡಾಕ್ಟ್ರೇ, ನೀವು ಮರಕ್ಕೆ ಬಡಿದು ಬಡಿದು ಮಾತಾಡಿಸ್ತೀರಲ್ಲ, ಇದು ತಿಂದ್ರೆ ಅವೇ ಮಾತಾಡ್ತಾವಂತೆ, ಬಡಿಯೋ ಕಷ್ಟಾನೂ ಇಲ್ಲ. ಬೇಡಪ್ಪಾ ಭಾವ, ಇದ್ದ ಬುದ್ಧೀನೇ ಸಾಲ್ತಾ ಇಲ್ಲ ನಂಗೆ. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ಅಕ್ಕ ಅಡುಗೆಮನೆಯಿಂದ ಏನದು ಗುಸುಗುಸು ಅಂದಿದ್ದಳು, ಡಬ್ಬಿ ಜೇಬು ಸೇರಿತ್ತು. ಆ ಕೋಟು ಈಗ ಅವನ ಮೈಮೇಲಿದೆ. ಕಳೆದ ಭಾನುವಾರ ಅಕ್ಕನೇ ಕೊಟ್ಟದ್ದು, ವರ್ಷವಾಯಿತು, ಸುಮ್ಮನೆ ನುಸಿ ತಿನ್ನೋದು ಬೇಡ, ಹಾಕ್ಕೋ ಅಂತ. ತೋಳು ಒಂದಿಂಚು ಉದ್ದ, ಭುಜ ಸರಿಯಾಗಿದೆ, ಕುತ್ತಿಗೆಪಟ್ಟಿಯಲ್ಲಿ ಗರಗಸದ ಎಣ್ಣೆಯ ವಾಸನೆ ಇನ್ನೂ ಇದೆ. ಇವತ್ತು ಮತ್ತೆ ಭಾನುವಾರ, ನಾಲ್ಕು ಗಂಟೆಗೆ ಅಕ್ಕನ ಮನೆಗೆ ಹೋಗಬೇಕು, ಹೋದರೆ ಆ ಒಂದು ಮಾತು ಹೇಳಬೇಕು, ಹೇಳಲು ಆಗದು ಅಂತಲೇ ಬೆಳಿಗ್ಗೆ ಹತ್ತಕ್ಕೆ ಎದ್ದು ಈ ಕಾಡಿಗೆ ಬಂದು, ಹಿಮದಲ್ಲಿ ಬಿದ್ದಿದ್ದ ದಿಮ್ಮಿಯ ಮೇಲೆ ಕೂತು, ಸತ್ತವರ ಡಬ್ಬಿ ತೆರೆದು ತಿಂದಿದ್ದಾನೆ. ಐವತ್ತೊಂದು ವರ್ಷದ ಗಂಡಸು ಮಾಡುವ ಕೆಲಸವೇ ಇದು.

ಏನೂ ಆಗುತ್ತಿಲ್ಲ. ಅರ್ಧ ಗಂಟೆಯಾಯಿತು, ಆಕಳಿಕೆ ಬಂತು, ಮತ್ತೊಂದು ಬಂತು, ಕಣ್ಣಲ್ಲಿ ನೀರು, ಹಳೇ ಮಾಲು ಇರಬೇಕು, ಭಾವನ ಜೊತೆ ಅದರ ಗುಣವೂ ಹೋಗಿರಬೇಕು, ಮೇಲೆ ಎಲ್ಲೋ ಒಂದು ಮರಕುಟಿಗ ಕೆಲಸ ಶುರು ಮಾಡಿದೆ, ಟಕಟಕಟಕ, ಭಾನುವಾರವೂ ರಜೆಯಿಲ್ಲ ಪಾಪ, ಅವನದೇ ಕಸುಬು ಅದರದ್ದೂ. ಕಡಿಯುವ ಮೊದಲು ಅವನು ಹೋಗಬೇಕು, ಕೊಡಲಿಯ ಹಿಂಬದಿಯಿಂದ ಎದೆಯೆತ್ತರದಲ್ಲಿ ಮೂರು ಕಡೆ ಬಡಿಯಬೇಕು, ಕಿವಿಯಿಟ್ಟು ಕೇಳಬೇಕು, ಒಳಗೆ ಸರಿಯಿದ್ದರೆ ಠಣ್ ಅನ್ನುತ್ತದೆ, ಕೊಳೆತಿದ್ದರೆ ಡಬ್, ಸರಿಯಿದ್ದ ಮರಕ್ಕೆ ಒಂದು ಕೆಂಪು ಗೆರೆ, ಕೊಳೆತದ್ದಕ್ಕೆ ಎರಡು, ಎರಡು ಗೆರೆಯ ಮರದ ಬಳಿ ಗರಗಸದವರು ನಿಲ್ಲುವುದಿಲ್ಲ, ಹಗ್ಗ ಕಟ್ಟಿ ದೂರದಿಂದ ಎಳೆದು ಕೆಡವುತ್ತಾರೆ. ಮೂರರಲ್ಲಿ ಅನುಮಾನ ಬಂದರೆ ನಾಲ್ಕನೆಯ ಪೆಟ್ಟು ಬುಡಕ್ಕೆ, ಮೊಣಕಾಲೂರಿ, ಬೇರು ಮಣ್ಣಿಗಿಳಿಯುವ ಜಾಗಕ್ಕೆ. ಇಪ್ಪತ್ತಾರು ವರ್ಷದಿಂದ ಅದೇ. ಅದಕ್ಕೇ ಡಾಕ್ಟ್ರು ಅಂತ ಹೆಸರು, ಇಟ್ಟವರು ಭಾವ, ನಮ್ಮ ಡಾಕ್ಟ್ರಿಗೆ ಮರದ ನಾಡಿ ಗೊತ್ತು ಮನುಷ್ಯರ ನಾಡಿ ಗೊತ್ತಿಲ್ಲ, ಇಲ್ದಿದ್ರೆ ಇಷ್ಟೊತ್ತಿಗೆ ಒಂದು ಮದುವೆಯಾದ್ರೂ ಆಗಿರ್ತಿತ್ತು ಅಂತ ಎಲ್ಲರೆದುರು, ತಮಾಷೆಗೆ ಬಹುವಚನ, ಸಿಟ್ಟು ಬಂದಾಗ ಮಾತ್ರ ಏಕವಚನ, ಸಿಟ್ಟು ಬಂದದ್ದೇ ಕಡಿಮೆ. ಈಗ ಆಳುಗಳು ಅದೇ ಹೆಸರನ್ನು ಎಳೆಯುತ್ತಾರೆ, ಈ ಚಳಿಗಾಲ ಶುರುವಾದಾಗಿನಿಂದ ಅವನು ಬೈರಿಗೆ ಹಿಡಿದು ಮರಮರಕ್ಕೂ ತೂತು ಕೊರೆದು ಒಳಗಿನ ಪುಡಿ ಮೂಸಿ ನೋಡುತ್ತಾನಲ್ಲ, ಡಾಕ್ಟ್ರು ಇಂಜೆಕ್ಷನ್ ಶುರು ಮಾಡಿದ್ದಾರಪ್ಪೋ. ನಗಲಿ. ಹಿಮ ಗಟ್ಟಿಯಾಗೋ ಕಾಲದಲ್ಲಿ ಬರೀ ಬಡಿದು ನೋಡಿದ್ರೆ ಸಾಲದು, ಕೊರೀಬೇಕು ಅಂತ ಮೇಸ್ತ್ರಿಗೆ ಹೇಳಿದ್ದ, ಮೇಸ್ತ್ರಿ ತಲೆಯಾಡಿಸಿ ಗುರುತು ಹಾಕುವ ಎಲ್ಲರಿಗೂ ನಿಯಮ ಮಾಡಿದ, ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದನಾ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನು ಬೈರಿಗೆ ಹಿಡಿದು ಓಡಾಡುತ್ತಿದ್ದಾನೆ, ಯಾರೂ ಕಳ್ಳ ಅನ್ನಲೇ ಇಲ್ಲ. ಎದುರಿನ ಮರದ ತೊಗಟೆಯನ್ನು ಅವನು ಸುಮ್ಮನೆ ನೋಡುತ್ತಿದ್ದ, ಬಿರುಕು, ಬಿರುಕಿನ ಮೇಲೆ ಪಾಚಿ, ಪಾಚಿಯ ಮೇಲೆ ಮಂಜಿನ ಹರಳು, ಬಿರುಕು ಸ್ವಲ್ಪ ಅಗಲವಾಯಿತು, ಮತ್ತೆ ಕಿರಿದಾಯಿತು. ಮತ್ತೆ ಅಗಲವಾಯಿತು. ಓಹೋ ಅಂದುಕೊಂಡ ಅವನು, ಬಂತು.

ಉಸಿರಾಡುತ್ತಿವೆ, ಎಲ್ಲವೂ, ಸೊಂಟದವರೆಗೆ ಹಿಮ ಹೊದ್ದು ನಿಂತ ಇಷ್ಟು ಮರಗಳು ಒಟ್ಟಿಗೆ ಉಸಿರೆಳೆದು ಒಟ್ಟಿಗೆ ಬಿಡುತ್ತಿವೆ, ಹಿಮ ಬಿಳಿಯಲ್ಲ, ಯಾರು ಹೇಳಿದ್ದು ಬಿಳಿ ಅಂತ, ನೆರಳಿರುವ ಕಡೆ ನೀಲಿ, ಬಿಸಿಲು ತಾಗಿದ ಕಡೆ ಹಣ್ಣಿನ ಸಿಪ್ಪೆಯ ಬಣ್ಣ, ಅವನ ಕೈಗವಸಿನ ಮೇಲೆ ಬಿದ್ದ ಒಂದೇ ಒಂದು ಹರಳಿಗೆ ಆರು ಕೈ, ಆರು ಕೈಗೂ ಬೆರಳು, ಅದನ್ನು ಮಾಡಿದವರಿಗೆ ಎಷ್ಟು ಪುರಸೊತ್ತು, ಅವನಿಗೆ ನಗು ಬಂತು, ತಡೆದರೆ ಇನ್ನೂ ಬಂತು, ಒಬ್ಬನೇ ಕಾಡಿನಲ್ಲಿ ಕೂತು ಹಿಹಿಹಿ ಅಂತ ನಗುತ್ತಿರುವ ಡಾಕ್ಟ್ರು, ಮೇಸ್ತ್ರಿ ನೋಡಿದರೆ ಕೆಲಸ ಹೋಯಿತು, ಮೇಸ್ತ್ರಿಯ ಮುಖ ನೆನೆದು ಮತ್ತೂ ನಕ್ಕ, ಮೇಸ್ತ್ರಿ ಹೊಸ ಆಳುಗಳನ್ನು ಸಾಲಾಗಿ ನಿಲ್ಲಿಸಿ ಪ್ರತಿ ಸೋಮವಾರ ಹೇಳುವ ಆ ಮಾತು, ನೋಡ್ರಪ್ಪಾ, ಆತುರಗಾರನಿಗೆ ಬುದ್ಧಿ ಮಟ್ಟ, ಹೋದ ಚಳಿಗಾಲ ಇಲ್ಲೇ ಒಬ್ಬರು, ನಮ್ಮಲ್ಲೇ ದೊಡ್ಡ ಕೆಲಸಗಾರರು, ಆದ್ರೆ ಆತುರ, ಮರ ಬೀಳೋ ಕಡೆ ಮುಂದಿನ ಕಚ್ಚು ಪೂರ್ತಿ ಹಾಕದೆ ಹಿಂದಿನಿಂದ ಗರಗಸ ಬಿಟ್ರು, ಮರ ಸೀಳಿ ಮೈಮೇಲೆ ಬಂತು, ಮುಗೀತು — ನಗು ಎಲ್ಲಿ ಹೋಯಿತು. ನಗು ಹೋದ ಜಾಗದಲ್ಲಿ ತಣ್ಣಗೆ. ಮೇಸ್ತ್ರಿ ಹೇಳುವಾಗ ಅವನು ಬಣ್ಣದ ಡಬ್ಬಿ ಕಲಕುತ್ತ ಪಕ್ಕದಲ್ಲೇ ನಿಂತಿರುತ್ತಾನೆ, ಪ್ರತಿ ಸೋಮವಾರ, ಕಲಕಿದ್ದನ್ನೇ ಕಲಕುತ್ತ. ಎದ್ದು ನಿಂತ, ಕಾಲುಗಳು ತುಂಬ ದೂರದಲ್ಲಿವೆ, ಕೊಡಲಿ ತೆಗೆದುಕೊಂಡು ಎದುರಿನ ಮರಕ್ಕೆ ಹಿಂಬದಿಯಿಂದ ಒಂದು ಕೊಟ್ಟ, ಮಾತಾಡ್ತಾವಂತಲ್ಲ ಭಾವ, ಮಾತಾಡಲಿ. ಗಟ್ಟಿ ಅಂತು ಮರ. ಠಣ್ ಅಲ್ಲ, ಗಟ್ಟಿ, ಅವನ ದನಿಯಲ್ಲೇ. ಅವನು ಪಕ್ಕದ್ದಕ್ಕೆ ಬಡಿದ, ಗಟ್ಟಿ ಭಾವ. ಅದರಾಚೆಯದಕ್ಕೆ, ಗಟ್ಟಿ ಭಾವ. ಕೋಟಿನ ಮೇಲಿಂದ ತನ್ನ ಎದೆಗೇ ಮುಷ್ಟಿಯಿಂದ ಗುದ್ದಿ ನೋಡಿಕೊಂಡ, ಅದೂ ಹಾಗೇ ಅಂತು, ಸುಳ್ಳು ಹೇಳುವುದರಲ್ಲಿ ಇಡೀ ಕಾಡು ಅವನಿಗೆ ನೆಂಟರು. ಕೊಡಲಿ ಕೈಬಿಟ್ಟು ಕಿವಿ ಮುಚ್ಚಿಕೊಂಡ, ಕಣ್ಣೂ ಮುಚ್ಚಿದ, ಮುಚ್ಚಿದ ಕಣ್ಣೊಳಗೆ ಎಲ್ಲಿಂದಲೋ ಒಂದು ಕಿವಿ ಬಂತು, ಬೇರೆಯವರ ಕಿವಿ, ಚಳಿಗೆ ಕೆಂಪಾದದ್ದು, ಹಾಲೆಯ ಮೇಲೆ ಬಿಳಿ ಕೂದಲು ಎರಡು. ಬಂದು ಹೋಯಿತು.

ಸುಳ್ಳು ಯಾರೂ ಹೇಳಲಿಲ್ಲ, ಅದೇ ವಿಚಿತ್ರ, ಭಾವ ಹೋದ ಮೇಲೆ ನಡೆದ ವಿಚಾರಣೆಯ ಕೋಣೆಯಲ್ಲಿ ಹೀಟರ್ ಉರಿಯುತ್ತಿತ್ತು, ಗೋಡೆಯ ಮೇಲೆ ಹಿಂದಿನ ವರ್ಷದ ಕ್ಯಾಲೆಂಡರ್, ಗುರುತು ಹಾಕಿದ್ದು ನೀವೇನಾ, ಹೌದು ಸಾರ್, ಬಡಿದು ನೋಡಿದ್ರಾ, ಮೂರು ಕಡೆ ನೋಡಿದೆ ಸಾರ್, ಹೇಗಿತ್ತು, ಠಣ್ ಅಂತಿತ್ತು ಸಾರ್, ಸರಿ ಸಹಿ ಹಾಕಿ. ಅಷ್ಟೂ ನಿಜ. ಅಧಿಕಾರಿ ಸ್ಥಳಕ್ಕೆ ಬಂದು ಹಿಮದಿಂದ ಮೇಲೆ ಕಾಣುತ್ತಿದ್ದ ಬುಡವನ್ನು ಬೂಟಿನ ಹಿಮ್ಮಡಿಯಿಂದ ಒದ್ದೂ ನೋಡಿದ್ದರು, ತಿರುಳು ಕಪ್ಪಾಗಿದೆ ಆದ್ರೆ ಕಲ್ಲಿನ ಹಾಗಿದೆಯಲ್ಲ ಅಂದಿದ್ದರು, ಹಿಮಕ್ಕೆ ಹೆಪ್ಪುಗಟ್ಟಿದ ಕೊಳೆ ಕಲ್ಲಿನ ಹಾಗೇ ಇರುತ್ತದೆ, ಕಲ್ಲಿನ ಹಾಗೇ ಸದ್ದು ಮಾಡುತ್ತದೆ, ಅದು ಅವರಿಗೆ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ, ಗೊತ್ತಾದದ್ದು ಹಿಮ ಕರಗಿದ ಮೇಲೆ, ಒಬ್ಬನೇ ಬಂದು ಉಳಿದ ಬುಡಕ್ಕೆ ಬಡಿದಾಗ, ಡಬ್. ಹಳೇ ಹಾಸಿಗೆಗೆ ಬಡಿದ ಹಾಗೆ, ಡಬ್. ಆವತ್ತಿನಿಂದ ಒಂದು ಸಮಾಧಾನ ಕಟ್ಟಿಕೊಂಡು ಬದುಕುತ್ತಿದ್ದಾನೆ, ಚಳಿ ಮೋಸ ಮಾಡಿತು, ಯಾರಿಗಾದರೂ ಮೋಸವಾಗುತ್ತಿತ್ತು, ಡಾಕ್ಟ್ರಿಗೂ ಆಯಿತು. ಹಾಗಾದರೆ ಅಕ್ಕನಿಗೆ ಹೇಳಬಹುದಿತ್ತಲ್ಲ. ಯಾಕೆ ಹೇಳಲಿಲ್ಲ. ಅಮ್ಮ ಹೋದಾಗ ಅವನಿಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿನಾಲ್ಕು, ತಲೆ ಬಾಚಿದವಳು ಅವಳು, ಜ್ವರ ಬಂದರೆ ಹಣೆ ಮುಟ್ಟಿ ನೋಡಿದವಳು ಅವಳು, ಭಾನುವಾರ ನಾಲ್ಕು ಗಂಟೆಗೆ ಬಾಗಿಲು ತೆರೆಯುವ ಮನೆ ಅಂತ ಅವನಿಗೆ ಜಗತ್ತಿನಲ್ಲಿರುವುದು ಒಂದೇ, ಆ ಬಾಗಿಲು ಮುಚ್ಚಿದರೆ ಅವನು ಎಲ್ಲಿಗೆ ಹೋಗಬೇಕು. ಅದಕ್ಕೇ. ಬಾಯಲ್ಲಿಟ್ಟ ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು, ಒಂದು ವರ್ಷ. ಆದರೂ ಹೇಗೋ ನಡೆಯುತ್ತಿತ್ತು, ಕಳೆದ ಭಾನುವಾರ ಅವಳು ಕೋಟು ತಂದು ಅವನ ಭುಜದ ಮೇಲಿಟ್ಟು, ಹಿಂದಿನಿಂದ ಪಟ್ಟಿ ಸರಿಮಾಡುತ್ತ, ಮುಖ ಕಾಣದಂತೆ ನಿಂತು ಹೇಳುವವರೆಗೆ — ಆವತ್ತು ಬೆಳಿಗ್ಗೆ ನಾನೇ ಕಣೋ ಬೇಗ ಬನ್ನಿ ಅಂದಿದ್ದು. ಕಣ್ಣಿನ ಡಾಕ್ಟ್ರ ಹತ್ರ ಹೋಗೋದಿತ್ತು, ಮೂರು ಗಂಟೆಗೆ. ಬಾಗಿಲವರೆಗೂ ಹೋಗಿ ಎರಡು ಸಲ ಹೇಳಿದೆ, ಲೇಟ್ ಮಾಡ್ಬೇಡಿ, ಲೇಟ್ ಮಾಡ್ಬೇಡಿ. ನಾನು ಹೇಳ್ದೇ ಇದ್ದಿದ್ರೆ ಅವರು ಆತುರ ಮಾಡ್ತಾನೇ ಇರ್ಲಿಲ್ಲ. ಎಲ್ರೂ ಅವರ ಆತುರ ಅಂತಾರೆ, ಆ ಆತುರ ನಂದು ಕಣೋ. ಒಂದು ವರ್ಷ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ, ಒಂದು ವರ್ಷದಿಂದ ಕಣ್ಣಿನ ಡಾಕ್ಟರ ಬಳಿಯೂ ಹೋಗಿಲ್ಲ, ತನಗೆ ತಾನೇ ಹಾಕಿಕೊಂಡ ಶಿಕ್ಷೆ ಇರಬೇಕು. ಮತ್ತು ಅವನು, ಅವಳ ತಮ್ಮ, ಅವಳು ಬೆಳೆಸಿದ ತಮ್ಮ, ಕನ್ನಡಿ ನೋಡಿಕೊಂಡು ಏನಂದ? ಕೋಟು ಸರಿಯಾಗಿದೆ ಅಕ್ಕ ಅಂದ.

ಕೋಟು ಸರಿಯಾಗಿದೆ ಅಕ್ಕ. ಥೂ. ಅವನು ನಡೆಯುತ್ತಿದ್ದಾನೆ, ಎಷ್ಟು ಹೊತ್ತಿನಿಂದಲೋ, ಹಿಮದ ಮೇಲಿನ ಪದರ ಪ್ರತಿ ಹೆಜ್ಜೆಗೂ ಕರಕರ ಅಂತ ಒಡೆಯುತ್ತದೆ, ಪ್ರತಿ ಹೆಜ್ಜೆಗೂ ಒಂದು ಬಣ್ಣ, ಕಾಲಿಗೆ ದಾರಿ ಗೊತ್ತಿದೆ, ತಲೆಯನ್ನು ಕೇಳುತ್ತಿಲ್ಲ, ಇಳಿಜಾರು, ಎರಡು ಬಂಡೆ, ಬಂಡೆಗಳ ನಡುವೆ ಬಯಲು, ಬಯಲಿನಲ್ಲಿ ಹಿಮದ ಒಂದು ದಿಬ್ಬ. ಅದೇ ಬುಡ. ಭಾವ, ಬಂದೆ, ನಿಮ್ಮ ಅಣಬೆ ತಿಂದು ಬಂದಿದ್ದೀನಿ, ಬೈಯೋದಿದ್ರೆ ಈಗ ಬೈದುಬಿಡಿ, ಏಕವಚನದಲ್ಲೇ ಬೈಯಿರಿ. ಗಾಳಿಯಿಲ್ಲ. ದೂರದಲ್ಲೊಂದು ಮರ ಚಳಿಗೆ ಸಿಡಿದ ಸದ್ದು, ಢಂ, ಅಷ್ಟೇ. ಭಾವ ಬರಲಿಲ್ಲ. ಇಷ್ಟೆಲ್ಲ ಉಸಿರಾಡುವ ಕಾಡಿನಲ್ಲಿ ಭಾವ ಒಬ್ಬರೇ ಉಸಿರಾಡುತ್ತಿಲ್ಲ, ಅದು ಎಷ್ಟು ನಿಜ ಅಂತ ಅವನಿಗೆ ಈಗ ಮೈಯೆಲ್ಲ ಗೊತ್ತಾಯಿತು, ಆವತ್ತಿನಿಂದ ಬಾರದ ಅಳು ಬಂತು, ಮೂಗಿನಿಂದ ಬಾಯಿಂದ, ನಿಂತಲ್ಲೇ ನಿಂತು ಎಳೆಮಗುವಿನ ಹಾಗೆ ಅತ್ತ, ಅತ್ತು ಸಾಕಾಗಿ ಕೂತ, ಕೂತವನು ಮೊಣಕಾಲೂರಿದ, ಮೊಣಕಾಲೂರಿ ಕೈಗವಸು ಕಳಚಿದವನ ಕೈ ತಾನಾಗಿ ಬುಡದ ಸುತ್ತಲಿನ ಹಿಮ ಸರಿಸತೊಡಗಿತು. ಆವತ್ತು ಇದನ್ನೇ ಮಾಡಲಿಲ್ಲ. ಆವತ್ತು ಮೂರನೆಯ ಪೆಟ್ಟು ಸ್ವಲ್ಪ ಹೆಚ್ಚೇ ಚೊಕ್ಕವಾಗಿ ಕೇಳಿಸಿತ್ತು, ಗಾಜಿಗೆ ಬಡಿದ ಹಾಗೆ, ಮರ ಅಷ್ಟು ಚೊಕ್ಕವಾಗಿ ಹಾಡುವುದಿಲ್ಲವಲ್ಲ ಅಂತ ಅನ್ನಿಸಿತ್ತು, ಅನ್ನಿಸಿತ್ತು, ಅನ್ನಿಸಿತ್ತು, ನಾಲ್ಕನೆಯದಕ್ಕೆ ಬಗ್ಗಬೇಕಿತ್ತು, ಬುಡದಲ್ಲಿ ಮೊಣಕಾಲುದ್ದ ಹಿಮ, ಅವನ ಬಲಮೊಣಕಾಲು ನೋಯುತ್ತಿತ್ತು, ಫ್ಲಾಸ್ಕಿನಲ್ಲಿ ಚಹಾ ಆರುತ್ತಿತ್ತು, ಇನ್ನೂ ಹನ್ನೊಂದು ಮರ ಬಾಕಿ ಇತ್ತು, ಹೋಗಲಿ ಅಂದುಕೊಂಡ. ಹೋಗಲಿ. ಬೆರಳುಗಳು ಮೊದಲು ಉರಿದವು, ಆಮೇಲೆ ಅವನವಲ್ಲ ಅನ್ನಿಸಿದವು, ಆದರೂ ತೋಡಿದ, ಮೇಲೆ ಪುಡಿ ಹಿಮ, ಕೆಳಗೆ ಗಟ್ಟಿ ಹಿಮ, ಅದರ ಕೆಳಗೆ ಕೊಳೆತ ಎಲೆ, ಎಲೆಗಳಿಂದ ಸಣ್ಣಗೆ ಆವಿ ಏಳುತ್ತಿದೆಯಾ, ಕಣ್ಣಿನ ಆಟವಾ, ಬೆರಳು ಬೇರಿನ ಸಂದಿಗೆ ತಾಗಿತು, ಒತ್ತಿದ. ಒಳಗೆ ಹೋಯಿತು. ಬೆಣ್ಣೆಗೆ ಹೋದ ಹಾಗೆ ಎರಡು ಗೆಣ್ಣು ಒಳಗೆ ಹೋಯಿತು. ಕಂಬಳಿ ಹೊದ್ದವರ ಮೈ ಬೆಚ್ಚಗಿರುವಂತೆ ಹಿಮದ ಅಡಿಯಲ್ಲಿ ಬುಡ ಹೆಪ್ಪುಗಟ್ಟುವುದೇ ಇಲ್ಲ, ಇಂಥ ಚಳಿಯಲ್ಲೂ ಇಲ್ಲ, ಆವತ್ತಿನ ಚಳಿಯಲ್ಲೂ ಇರಲಿಲ್ಲ, ನಾಲ್ಕನೆಯ ಪೆಟ್ಟು ಹಾಕಿದ್ದರೆ ಡಬ್ ಅನ್ನುತ್ತಿತ್ತು. ಅನ್ನುತ್ತಿತ್ತು. ಚಳಿ ಮೋಸ ಮಾಡಲಿಲ್ಲ. ಆತುರ ಇತ್ತು ಆವತ್ತು, ಖಂಡಿತ ಇತ್ತು, ಭಾವನದಲ್ಲ, ಅಕ್ಕನದೂ ಅಲ್ಲ.

ಕೊಳೆತ ಮರದ ಕಂದು ಮೆತ್ತಿದ ಬೆರಳನ್ನು ಅವನು ಮುಖದ ಹತ್ತಿರ ಹಿಡಿದು ನೋಡುತ್ತಿದ್ದಾನೆ, ಅಲ್ಲಿ ಆ ಕಿವಿ ಮತ್ತೆ ಬಂತು, ಈ ಸಲ ಹೋಗಲಿಲ್ಲ. ಭಾವನ ಎಡಗಿವಿ. ಗರಗಸದವರಿಗೆ ಹೆಲ್ಮೆಟ್ಟಿನ ಎರಡೂ ಪಕ್ಕ ಸದ್ದು ತಡೆಯುವ ದಪ್ಪ ಮುಚ್ಚಳ ಇರುತ್ತದೆ, ಅದು ಹಾಕಿಕೊಂಡರೆ ಆನೆ ಘೀಳಿಟ್ಟರೂ ಕೇಳದು, ಭಾವ ಮಾತ್ರ ಮೋಟಾರು ಗರಗಸ ಚಾಲೂ ಮಾಡಲು ಹಗ್ಗ ಎಳೆಯುವ ಮೊದಲು ಎಡಗಡೆಯ ಮುಚ್ಚಳವನ್ನು ಹೆಬ್ಬೆರಳಿನಿಂದ ಎತ್ತಿ ಅವನ ಕಡೆ ತಿರುಗುತ್ತಿದ್ದರು, ಗೆರೆ ಕಣ್ಣಿಗೆ ಕಾಣುತ್ತಿದ್ದರೂ ಸರಿ, ಬಾಯಿಮಾತು ಬೇಕು, ಹೇಳಿ ಡಾಕ್ಟ್ರೇ, ಗಟ್ಟಿ ಭಾವ, ಆಗ ಮುಚ್ಚಳ ಇಳಿಯುತ್ತಿತ್ತು, ಇಪ್ಪತ್ತು ವರ್ಷ, ಒಂದು ದಿನವೂ ತಪ್ಪಿಲ್ಲ, ಬೇರೆ ಗರಗಸದವರು ನಗುತ್ತಿದ್ದರು, ಏನ್ರೀ ಹೆಂಡ್ತಿ ತಮ್ಮನ ಆಶೀರ್ವಾದ ಇಲ್ದೆ ಮರ ಬೀಳಲ್ವಾ. ಆವತ್ತೂ ಎತ್ತಿದರು. ಹೇಳಿ ಡಾಕ್ಟ್ರೇ. ಅವನು ಸ್ವಲ್ಪ ತಡೆದ, ಆ ಗಾಜಿನ ಸದ್ದು ಇನ್ನೂ ಕಿವಿಯಲ್ಲಿತ್ತು, ಗಟ್ಟಿ ಭಾವ ಅಂದ, ಆದರೆ ಆ ತಡೆದದ್ದನ್ನು ಭಾವ ನೋಡಿದರು, ಮನುಷ್ಯರ ನಾಡಿ ಬಲ್ಲವರು ಅವರು, ಮುಚ್ಚಳ ಇಳಿಸಲಿಲ್ಲ, ಗರಗಸವನ್ನು ಹಿಮದ ಮೇಲಿಟ್ಟರು, ಹೌದು, ಇಟ್ಟರು, ಅವಸರವಿದ್ದವರು ಗರಗಸ ಕೆಳಗಿಡುತ್ತಾರಾ, ಖಂಡಿತಾನಾ ಡಾಕ್ಟ್ರೇ, ಅಂತ ಕೇಳಿ ನಿಂತರು. ಕೇಳಿ, ನಿಂತರು. ಎಷ್ಟು ಹೊತ್ತು? ಈಗ ಅದು ಮುಗಿಯುತ್ತಲೇ ಇಲ್ಲ, ಭಾವ ನಿಂತೇ ಇದ್ದಾರೆ, ಹಿಮ ಬೀಳುತ್ತಿದೆ, ಹೆಲ್ಮೆಟ್ಟಿನ ಮೇಲೆ ಬೀಳುತ್ತಿದೆ, ಬಿಚ್ಚಿದ ಆ ಕಿವಿಯ ಮೇಲೆ ಒಂದು ಹರಳು ಕೂತು ಕರಗಿ ನೀರಾಗಿ ಹಾಲೆಯಿಂದ ತೊಟ್ಟಿಕ್ಕಿತು, ಅಷ್ಟು ಹೊತ್ತು, ಕೆಂಪು ಕಿವಿ, ಎರಡು ಬಿಳಿ ಕೂದಲು, ಮೂರು ಗಂಟೆಗೆ ಹೆಂಡತಿಯನ್ನು ಡಾಕ್ಟರ ಬಳಿ ಕರೆದೊಯ್ಯಬೇಕಿದ್ದ ಮನುಷ್ಯ ಒಂದು ಬಾಯಿಮಾತಿಗಾಗಿ ಹಿಮದಲ್ಲಿ ಕಿವಿ ತೆರೆದುಕೊಂಡು ಕಾದದ್ದು ಅಷ್ಟು ಹೊತ್ತು. ಖಂಡಿತ ಭಾವ ಅಂದ ಅವನು. ಸರಿ ಹಾಗಾದ್ರೆ ಅಂದರು. ಮುಚ್ಚಳ ಇಳಿಯಿತು. ಇದನ್ನು ನೋಡಿದವನು ಭೂಮಿಯ ಮೇಲೆ ಅವನೊಬ್ಬನೇ, ಮತ್ತು ಇದನ್ನು ಅವನು ಬಾಯಿ ಬಿಟ್ಟು ಹೇಳದಿದ್ದರೆ ಇದು ಆಗಲೇ ಇಲ್ಲ, ಅಕ್ಕನ ಪಾಲಿಗೆ ಭಾವ ಓಡೋಡಿ ಸತ್ತವರೇ. ಅವನು ಕೈ ಒರೆಸಿಕೊಳ್ಳದೆ ಎದ್ದ.

ಬಿಸಿಲು ಇಳಿಯುತ್ತಿದೆ, ಮರಗಳ ಉಸಿರು ನಿಧಾನವಾಗಿದೆ, ಹಿಮದ ಬಣ್ಣಗಳು ಒಂದೊಂದೇ ಅಂಗಡಿ ಮುಚ್ಚುತ್ತಿವೆ, ಆದರೂ ರಸ್ತೆಗೆ ಬಂದಾಗ ದೀಪದ ಕಂಬಕ್ಕೊಂದು ಕಾಮನಬಿಲ್ಲಿನ ಬಳೆ, ಬಸ್ಸಿನ ನಿಲ್ದಾಣ, ಬೀಗ ಹಾಕಿದ ಮರದ ಡಿಪೋ, ಸೈಕಲ್ ಅಂಗಡಿ, ಕೊನೆಯ ಮನೆ, ಬಾಗಿಲು ಬಡಿಯಲು ಕೈಯೆತ್ತಿ ಅವನು ತಡೆದ, ಬಡಿಯುವುದಕ್ಕೇ ಭಯವಾಯಿತು, ಅಷ್ಟರಲ್ಲಿ ಅವಳೇ ತೆರೆದಳು, ಕಾಲಸದ್ದಿಗೇ ಗೊತ್ತಾಗುತ್ತದೆ ಅವಳಿಗೆ, ಬಾರೋ, ಎಷ್ಟೊತ್ತು, ನಾಲ್ಕೂವರೆ ಆಯ್ತು, ಇದೇನೋ ಪ್ಯಾಂಟೆಲ್ಲ ಒದ್ದೆ, ಎಲ್ಲಿ ಬಿದ್ದೆ? ಒಳಗೆ ಬಿಸಿ, ಹೊಲಿಗೆ ಯಂತ್ರದ ಮೇಲೆ ಡಿಪೋದವರ ಕೆಲಸದ ಅಂಗಿಗಳ ರಾಶಿ, ಕಿತ್ತ ಜೇಬುಗಳನ್ನು ಹೊಲಿದುಕೊಡುತ್ತಾಳೆ ಅವಳು, ಮಬ್ಬುಗಣ್ಣಿನಲ್ಲಿ, ಹೆಚ್ಚುಕಡಿಮೆ ಬೆರಳಿನಿಂದಲೇ ನೋಡಿಕೊಂಡು. ಸೂಜಿ ಏರಿಸಿಕೊಡು ಮೊದ್ಲು, ಬೆಳಿಗ್ಗೆಯಿಂದ ಕೂತಿದೆ ಕೆಲಸ, ಆಮೇಲೆ ಚಹಾ. ಅವನ ಅಂಗೈಗೆ ಸೂಜಿ ಬಂತು, ದಾರ ಬಂತು, ಸೂಜಿಯ ಕಣ್ಣು ಒಮ್ಮೆ ಬಾಗಿಲಿನಷ್ಟು ಒಮ್ಮೆ ಇಲ್ಲವೇ ಇಲ್ಲ, ದಾರ ಹಾವಾಡುತ್ತಿದೆ, ಒಂದು ಸಲ, ಮೂರು ಸಲ, ಅವಳು ಹತ್ತಿರ ಬಂದು ಅವನ ಕೈ ಹಿಡಿದು ನೋಡಿದಳು, ಏನೋ ಇದು ಬೆರಳು ಮಂಜುಗಡ್ಡೆ ಆಗಿದೆ, ಏನು ಮೆತ್ಕೊಂಡಿದೆ ಇದು, ಮಣ್ಣಾ? ಮಣ್ಣಲ್ಲ ಅಕ್ಕ. ಮರ. ಯಾವ ಮರ? ಅವನು ಹೇಳಿದ. ಹೇಗೆ ಹೇಳಿದನೋ, ಹಿಂದು ಮುಂದು, ಅಣಬೆ ತಿಂದದ್ದನ್ನೂ ಹೇಳಿದ, ಬೈರಿಗೆಯದ್ದು ಹೇಳಿದ, ಮೊಣಕಾಲು ನೋವಿನದ್ದು, ಚಹಾ ಆರುತ್ತಿದ್ದದ್ದು, ಗಾಜಿನ ಸದ್ದು, ಬಗ್ಗಲಿಲ್ಲ ಅಕ್ಕ ನಾನು, ಅನುಮಾನ ಬಂದಿತ್ತು, ಬಗ್ಗಲಿಲ್ಲ, ಗಟ್ಟಿ ಅಂದೆ, ಅವರು ಎರಡನೇ ಸಲ ಕೇಳಿದ್ರು, ಗರಗಸ ಕೆಳಗಿಟ್ಟು ಕೇಳಿದ್ರು, ಆಗ್ಲೂ ಖಂಡಿತ ಅಂದೆ, ಕಚ್ಚು ಅವರು ಸರಿಯಾಗೇ ಹಾಕಿದ್ರು, ಮರದೊಳಗೆ ಗಟ್ಟಿ ಅನ್ನೋದು ಇರ್ಲೇ ಇಲ್ಲ, ನಂದು ಅಕ್ಕ, ನಿಂದಲ್ಲ, ಅವರದ್ದಲ್ಲ, ನಂದು. ನಾಳೆ ಮೇಸ್ತ್ರಿಗೂ ಹೇಳ್ತೀನಿ, ಎಲ್ರೆದುರೂ. ಕೆಟಲಿನ ಮುಚ್ಚಳ ಕುಣಿಯುತ್ತಿದೆ, ಯಾರೂ ಇಳಿಸುತ್ತಿಲ್ಲ. ಅವಳು ಅವನ ಕೈ ಬಿಟ್ಟಿದ್ದಾಳೆ, ಯಾವಾಗ ಬಿಟ್ಟಳು, ಗೊತ್ತಾಗಲಿಲ್ಲ, ಹೊಲಿಗೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಂತಿದ್ದಾಳೆ, ಮುಖ ಕಿಟಕಿಯ ಕಡೆ, ಹೊಡೆಯಲಿ, ಆಚೆ ಹೋಗು ಅನ್ನಲಿ, ಅನ್ನಬೇಕು, ಅವನು ಬಾಗಿಲ ಕಡೆ ಅರ್ಧ ತಿರುಗಿಯೇ ನಿಂತ. ಕಾದ್ರಾ? ಅಂದಳು. ಏನಕ್ಕ? ನಿಂಗೋಸ್ಕರ ಕಾದ್ರಾ ಅಂದೆ, ನೀನು ಹೇಳೋವರ್ಗೂ? ಕಾದ್ರು ಅಕ್ಕ. ಬೇಗ ಬನ್ನಿ ಅಂದಿದ್ದೆ ನಾನು. ಆದ್ರೂ ಕಾದ್ರು ಅಕ್ಕ. ಎಷ್ಟೊತ್ತು? ಎಷ್ಟೊತ್ತು ಅಂದರೆ, ಹೇಗೆ ಹೇಳುವುದು, ಅವನು ಬಾಯಿ ತೆರೆದ, ಹಿಮ ಬೀಳುತ್ತಿದೆ, ಹೆಬ್ಬೆರಳು ಮುಚ್ಚಳವನ್ನು ಎತ್ತಿ ಹಿಡಿದಿದೆ, ಹರಳೊಂದು ಬಂದು ಕೂತಿದೆ, ಕರಗುತ್ತಿದೆ, ಆ ಕಿವಿ, ಚಳಿಗೆ ಕೆಂಪಾದ ಕಿವಿ, ತೆರೆದಿದೆ, ಕಾಯುತ್ತಿದೆ, ಆ ಕಿವಿ